ಉಮ್ರಾಕ್ಕೆ ಹೊರಡುವ ಮೊದಲು ಅಣ್ಣನ ಮನೆಗೆ ಹೋಗಬೇಕಾ?

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಹಜ್ರತ್. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಅಬ್ಬಾ ಕಟ್ಟಿದ್ದು. ಜಾಗದ ಪತ್ರದಲ್ಲಿ ಇನ್ನೂ ಚಿತ್ರದುರ್ಗ ಜಿಲ್ಲೆ ಅಂತಲೇ ಇದೆ, ಅಷ್ಟು ಹಳೇದು. ಅಬ್ಬಾ ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ಸೇರಿ ನಡೆಸಿದೆವು. ಭತ್ತ ಖರೀದಿಯ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆದು ಅಣ್ಣ ಬೇರೆಯಾದ. ಅವನ ಪಾಲಿನ ಹಣದಲ್ಲಿ ಸ್ವಲ್ಪ ಕೊಟ್ಟೆ. ಉಳಿದದ್ದು ಕೊಡುವಷ್ಟರಲ್ಲಿ ಅವನು ಊರೆಲ್ಲ ನನ್ನ ಬಗ್ಗೆ ಕೆಟ್ಟದಾಗಿ ಹೇಳಿಕೊಂಡು ಬಂದ. ಸಿಟ್ಟಿಗೆ ನಿಲ್ಲಿಸಿಬಿಟ್ಟೆ. ನಾನೂ ಸುಮ್ನೆ ಇರಲಿಲ್ಲ, ನಾಲ್ಕು ಮಾತು ಆಡಿದ್ದೇನೆ. ಮೂರು ವರ್ಷ ಆಯ್ತು. ಒಂದೇ ಮಸೀದಿಯಲ್ಲಿ ನಮಾಜ್ ಮಾಡ್ತೀವಿ, ಸಲಾಂ ಇಲ್ಲ. ಅಕ್ಕ ಹಿರಿಯೂರಿನಲ್ಲಿ ಇದ್ದಾಳೆ, ಅವಳು ತನ್ನ ಪಾಲು ಆಗಲೇ ಮಾಫ್ ಮಾಡಿದ್ದಾಳೆ, ಆ ತೊಂದರೆ ಇಲ್ಲ. ಬರುವ ತಿಂಗಳು ನಾನು, ಹೆಂಡತಿ ಉಮ್ರಾಕ್ಕೆ, ಅಂದ್ರೆ ಮಕ್ಕಾ ಯಾತ್ರೆಗೆ, ಹೊರಟಿದ್ದೀವಿ. ಗೊತ್ತಿರೋ ಎಲ್ಲರಿಗೂ ವಾಟ್ಸಾಪ್‌ನಲ್ಲಿ ‘ಕಹಾ ಸುನಾ ಮಾಫ್’ (ಆಡಿದ್ದು, ಕೇಳಿದ್ದು ಕ್ಷಮಿಸಿ) ಅಂತ ಕಳಿಸಿದ್ದೇನೆ. ಅಮ್ಮಿ ಮಾತ್ರ ‘ಅಣ್ಣನ ಮನೆಗೆ ಹೋಗಿ ಬಾ, ಆಮೇಲೆ ಮಕ್ಕಾಕ್ಕೆ ಹೋಗು’ ಅಂತ ಅಳ್ತಾರೆ. ದೋಸ್ತರು ‘ಉಮ್ರಾ ಮಾಡಿದರೆ ಎಲ್ಲಾ ತೊಳೆದು ಹೋಗುತ್ತೆ, ತಪ್ಪು ಅವನದು, ನೀನ್ಯಾಕೆ ಬಗ್ಗಬೇಕು’ ಅಂತಾರೆ. ನಾನೇ ಮೊದಲು ಹೋಗಬೇಕಾ? ಅವನು ಮುಖ ತಿರುಗಿಸಿದರೆ ಏನು ಮಾಡಲಿ? ಇನ್ನೊಂದು ವಿಷಯ. ಭಟ್ಟಿ ಪಕ್ಕದ ಮನೆಯವರು ಹಿಂದೂಗಳು. ಬೂದಿ ಹಾರಿ ಬರುತ್ತೆ ಅಂತ ಅವರಿಗೂ ನಮಗೂ ಜಗಳ ಆಗಿದೆ. ಅವರ ಹತ್ರನೂ ಮಾಫಿ ಕೇಳಬೇಕಾ, ಇಲ್ಲ ಇದೆಲ್ಲ ಮುಸ್ಲಿಮರ ನಡುವೆ ಮಾತ್ರವಾ?

ಉತ್ತರ: ವಅಲೈಕುಮ್ ಅಸ್ಸಲಾಮ್. ಅಮ್ಮಿ ಹೇಳುತ್ತಿರುವುದೇ ಸರಿ. ಹೋಗಬೇಕು, ನೀವೇ ಮೊದಲು ಹೋಗಬೇಕು. ಯಾಕೆ, ಹೇಗೆ ಅಂತ ಕೆಳಗೆ ಬರೆಯುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅಣ್ಣನ ವಿಷಯ ಅಲ್ಲ. ‘ಅಕ್ಕ ಮಾಫ್ ಮಾಡಿದ್ದಾಳೆ, ಆ ತೊಂದರೆ ಇಲ್ಲ’ ಎನ್ನುವ ಆ ಒಂದು ಸಾಲು. ಅದಕ್ಕೂ ಬರುತ್ತೇನೆ.

ಮೊದಲು ದೋಸ್ತರ ಮಾತು ತೆಗೆದುಕೊಳ್ಳೋಣ. ಅದು ಪೂರ್ತಿ ಸುಳ್ಳಲ್ಲ. ಒಂದು ಉಮ್ರಾದಿಂದ ಇನ್ನೊಂದು ಉಮ್ರಾದವರೆಗಿನ ಪಾಪಗಳಿಗೆ ಅದು ಪರಿಹಾರ ಎಂದು ಪ್ರವಾದಿ ಮುಹಮ್ಮದರು (ಸ) ಹೇಳಿದ್ದಾರೆ, ಬುಖಾರಿ ಮತ್ತು ಮುಸ್ಲಿಂ ಎನ್ನುವ ಎರಡೂ ಸಂಗ್ರಹಗಳಲ್ಲಿ ಇರುವ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಅದು. ಆದರೆ ಅದು ನಮ್ಮ ಮತ್ತು ಅಲ್ಲಾಹನ ನಡುವಿನ ತಪ್ಪುಗಳ ಮಾತು. ಇನ್ನೊಬ್ಬ ಮನುಷ್ಯನಿಗೆ ಸೇರಬೇಕಾದದ್ದು ನಮ್ಮ ಹತ್ತಿರ ಉಳಿದಿದ್ದರೆ ಅದು ಹುಕೂಕುಲ್ ಇಬಾದ್, ಜನರ ಹಕ್ಕು. ಅದನ್ನು ಬಿಟ್ಟುಕೊಡುವ ಅಧಿಕಾರ ಆ ಮನುಷ್ಯನದು. ಅಲ್ಲಾಹನ ದಾರಿಯಲ್ಲಿ ಪ್ರಾಣ ಕೊಟ್ಟವನಿಗೂ ಎಲ್ಲವೂ ಮಾಫ್, ಸಾಲ ಒಂದನ್ನು ಬಿಟ್ಟು ಎಂದು ಮುಸ್ಲಿಂ ಸಂಗ್ರಹದ ಹದೀಸ್ ಇದೆ. ಹುತಾತ್ಮನಿಗೇ ಇಲ್ಲದ ರಿಯಾಯಿತಿ ಉಮ್ರಾ ಮಾಡಿದವರಿಗೆ ಎಲ್ಲಿಂದ ಬರಬೇಕು, ಹೇಳಿ.

ಒಮ್ಮೆ ಒಂದು ಜನಾಜಾ, ಅಂದರೆ ಶವ, ತಂದಾಗ ಪ್ರವಾದಿಯವರು ‘ಇವರ ಮೇಲೆ ಸಾಲ ಇದೆಯಾ?’ ಎಂದು ಕೇಳಿದರು. ‘ಮೂರು ದೀನಾರ್ ಇದೆ’ ಎಂದರು. ಹಿಂದೆ ಬಿಟ್ಟದ್ದು ಏನೂ ಇರಲಿಲ್ಲ. ‘ನಿಮ್ಮ ಗೆಳೆಯನ ಅಂತಿಮ ನಮಾಜ್ ನೀವೇ ಮಾಡಿ’ ಎಂದು ಅವರು ಹಿಂದೆ ಸರಿದರು. ಅಬೂ ಖತಾದಾ ಎನ್ನುವ ಸಹಾಬಿ (ಪ್ರವಾದಿಯವರ ಒಡನಾಡಿ) ‘ಆ ಸಾಲ ನನ್ನ ಮೇಲಿರಲಿ’ ಎಂದ ಮೇಲೇ ನಮಾಜ್ ಮಾಡಿಸಿದರು. ಆ ಸತ್ತವನು ಕೆಟ್ಟವನಾಗಿದ್ದ ಎಂದು ಎಲ್ಲೂ ಇಲ್ಲ. ಕೊಡಲು ಗತಿ ಇರಲಿಲ್ಲ, ಅಷ್ಟೇ. ನಿಮಗೆ ಗತಿ ಇದೆ. ಇಬ್ಬರ ಉಮ್ರಾ ಖರ್ಚು ಹಾಕುವವರ ಕೈಯಲ್ಲಿ ಅಣ್ಣನ ಬಾಕಿ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಇದ್ದವನು ಕೊಡದೆ ಮುಂದೂಡುವುದು ಜುಲ್ಮ್ (ಅನ್ಯಾಯ) ಎಂದೂ ಹದೀಸ್ ಇದೆ. ನಮ್ಮ ಕಡೆ ಹೆಚ್ಚಿನವರು ಹನಫಿಗಳು, ಇಮಾಮ್ ಅಬೂ ಹನೀಫಾ ಅವರ ಪದ್ಧತಿಯವರು. ಹನಫಿ ಪದ್ಧತಿಯಲ್ಲಿ ಉಮ್ರಾ ಸುನ್ನತ್ (ಪ್ರವಾದಿಯವರ ರೂಢಿ, ಕಡ್ಡಾಯವಲ್ಲ), ಸಾಲ ತೀರಿಸುವುದು ಫರ್ಜ್ (ಕಡ್ಡಾಯ). ಒಂದೇ ಜೇಬಿನಿಂದ ಎರಡೂ ಆಗಬೇಕೆಂದರೆ ಯಾವುದು ಮೊದಲು ಎನ್ನುವುದರಲ್ಲಿ ಗೊಂದಲ ಬೇಡ.

‘ಅವನು ನನ್ನ ಮಾನ ತೆಗೆದ, ಅದಕ್ಕೇ ನಿಲ್ಲಿಸಿದೆ’ ಎನ್ನುತ್ತೀರಿ. ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಸ್ವಂತ ಅಣ್ಣನ ಬಾಯಿಂದ ಬಂದ ಮಾತು ಹೊರಗಿನವರ ಮಾತಿಗಿಂತ ಜಾಸ್ತಿ ಚುಚ್ಚುತ್ತದೆ. ಆದರೂ ಬೈಗುಳಕ್ಕೆ ಬೈಗುಳದ ಲೆಕ್ಕ, ಹಣಕ್ಕೆ ಹಣದ ಲೆಕ್ಕ. ಒಂದನ್ನು ಇನ್ನೊಂದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಇಲ್ಲಿ ಪ್ರವಾದಿಯವರ ಆಪ್ತ ಒಡನಾಡಿ ಅಬೂಬಕರ್ ಸಿದ್ದೀಕ್ ಅವರ ಕಥೆ ನೆನೆಯಬೇಕು. ಅವರ ಮಗಳು, ಪ್ರವಾದಿಯವರ ಮಡದಿ ಆಯಿಶಾ ಅವರ ಮೇಲೆ ಸುಳ್ಳು ಆಪಾದನೆ ಹಬ್ಬಿತಲ್ಲ, ಅದನ್ನು ಹರಡಿದವರಲ್ಲಿ ಮಿಸ್ತಹ್ ಒಬ್ಬ. ಅವನು ಅಬೂಬಕರ್ ಅವರ ಬಡ ಸಂಬಂಧಿ, ಅವರೇ ಅವನ ಹೊಟ್ಟೆಬಟ್ಟೆ ನೋಡಿಕೊಳ್ಳುತ್ತಿದ್ದರು. ಇನ್ನು ಇವನಿಗೆ ಬಿಡಿಗಾಸೂ ಕೊಡುವುದಿಲ್ಲ ಎಂದು ಆಣೆ ಮಾಡಿದರು. ಯಾವ ಅಪ್ಪನಾದರೂ ಮಾಡುತ್ತಿದ್ದದ್ದೇ. ಆಗ ಕುರ್‌ಆನ್‌ನ ಅಧ್ಯಾಯ ಸೂರಾ ನೂರ್‌ನ 22ನೇ ಆಯತ್ (ವಚನ) ಇಳಿಯಿತು. ಅನುಕೂಲಸ್ಥರು ಸಂಬಂಧಿಗಳಿಗೆ ಕೊಡುವುದಿಲ್ಲ ಎಂದು ಆಣೆ ಮಾಡಬೇಡಿ, ಕ್ಷಮಿಸಿ, ಅಲ್ಲಾಹ್ ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಎಂದು. ‘ಇಷ್ಟ ಇದೆ’ ಎಂದು ಅಬೂಬಕರ್ ಮತ್ತೆ ಕೊಡಲು ಶುರುಮಾಡಿದರು. ಗಮನಿಸಿ, ಅವರು ಕೊಡುತ್ತಿದ್ದದ್ದು ದಾನ. ಅದನ್ನೇ ನಿಲ್ಲಿಸಬೇಡಿ ಎಂದಿತು ಕುರ್‌ಆನ್. ನೀವು ನಿಲ್ಲಿಸಿರುವುದು ಸಾಲ.

ಪ್ರತಿ ಶುಕ್ರವಾರ ಜುಮ್ಮಾ ನಮಾಜಿನ ಖುತ್ಬಾದ (ಪ್ರವಚನದ) ಕೊನೆಯಲ್ಲಿ ನೀವು ಒಂದು ಆಯತ್ ಕೇಳುತ್ತೀರಿ, ಸೂರಾ ನಹ್ಲ್‌ನದು. ಅಲ್ಲಾಹ್ ಅದ್ಲ್, ಇಹ್ಸಾನ್ ಮತ್ತು ಸಂಬಂಧಿಕರಿಗೆ ಕೊಡುವುದನ್ನು ಆಜ್ಞಾಪಿಸುತ್ತಾನೆ ಎಂದು ಅದು ಶುರುವಾಗುತ್ತದೆ. ಮೊದಲು ನ್ಯಾಯ, ಆಮೇಲೆ ಅದಕ್ಕಿಂತ ಮೇಲಿನ ಒಳ್ಳೆಯತನ. ನಮ್ಮಲ್ಲಿ ಒಳ್ಳೆಯ ನಡತೆ ಎಂದರೆ ನಗುಮುಖ, ಸಲಾಂ, ಸದಕಾ (ದಾನ) ಎಂದು ಮಕ್ಕಳಿಗೆ ಕಲಿಸುತ್ತೇವೆ. ಕಲಿಸಲೇಬೇಕು. ಆದರೆ ಅವೆಲ್ಲ ಮುಸ್ತಹಬ್ (ಮಾಡಿದರೆ ಒಳ್ಳೆಯದು) ಅಥವಾ ಸುನ್ನತ್ ದರ್ಜೆಯವು. ಅವರವರ ಹಕ್ಕನ್ನು ಅವರವರಿಗೆ ಮುಟ್ಟಿಸುವುದು ಅದಕ್ಕಿಂತ ಕೆಳಗಿನ ಅಡಿಪಾಯ. ನನ್ನ ಹತ್ತಿರ ಬರುವ ಕುಟುಂಬಗಳಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಕೆಟ್ಟವರಿಂದ ಅಲ್ಲ. ಮೇಲಿನ ದರ್ಜೆಯ ಕೆಲಸ ಚೆನ್ನಾಗಿ ಮಾಡುತ್ತಾ ಕೆಳಗಿನದನ್ನು ಮರೆತವರಿಂದ.

ಈಗ ಮಾತು ಬಿಟ್ಟ ವಿಷಯ. ಮುಸ್ಲಿಮನು ತನ್ನ ಸಹೋದರನ ಜೊತೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಹಲಾಲ್ ಅಲ್ಲ, ಇಬ್ಬರೂ ಎದುರಾದಾಗ ಇವನು ಇತ್ತ ತಿರುಗುತ್ತಾನೆ, ಅವನು ಅತ್ತ ತಿರುಗುತ್ತಾನೆ, ಇಬ್ಬರಲ್ಲಿ ಉತ್ತಮನು ಮೊದಲು ಸಲಾಂ ಹೇಳುವವನು. ಇದು ಅಬೂ ಅಯ್ಯೂಬ್ ಅನ್ಸಾರಿ ಅವರು ತಿಳಿಸಿದ ಹದೀಸ್. ಮೂರು ದಿನದ ಬಿಡುವು ಯಾಕೆ ಕೊಟ್ಟರು ಎಂದರೆ, ಸಿಟ್ಟು ಮನುಷ್ಯನ ಸ್ವಭಾವ, ಇಳಿಯಲು ಸಮಯ ಬೇಕು ಎಂದು ಹದೀಸ್ ವಿದ್ವಾಂಸ ಇಮಾಮ್ ನವವಿ ವಿವರಿಸುತ್ತಾರೆ. ‘ತಪ್ಪು ಮಾಡಿದವನು ಮೊದಲು ಬರಲಿ’ ಎಂದು ಹದೀಸ್‌ನಲ್ಲಿ ಇಲ್ಲ. ಇಬ್ಬರಲ್ಲಿ ಉತ್ತಮನು ಯಾರು ಎಂದಷ್ಟೇ ಇದೆ. ನಿಮ್ಮ ದೋಸ್ತರು ಇದನ್ನೇ ಬಗ್ಗುವುದು ಎಂದುಕೊಂಡಿದ್ದಾರೆ. ಇನ್ನೊಂದು ಹದೀಸ್ ಇನ್ನೂ ನೇರ. ತಾನು ಪಡೆದದ್ದಕ್ಕೆ ಸಮನಾಗಿ ಕೊಡುವವನು ಸಂಬಂಧ ಉಳಿಸುವವನಲ್ಲ, ಕಡಿದುಹೋದ ಸಂಬಂಧವನ್ನು ಮತ್ತೆ ಕೂಡಿಸುವವನೇ ಸಂಬಂಧ ಉಳಿಸುವವನು.

ಹಾಗಾದರೆ ದೊಡ್ಡವರ ಮಧ್ಯೆ ಇಂಥದ್ದು ಆಗುತ್ತಲೇ ಇರಲಿಲ್ಲವಾ? ಆಗುತ್ತಿತ್ತು. ಆಯಿಶಾ ಅವರು ಕೈಗೆ ಬಂದದ್ದನ್ನೆಲ್ಲ ದಾನ ಮಾಡುತ್ತಿದ್ದರು. ಅವರ ಅಕ್ಕ ಅಸ್ಮಾ ಅವರ ಮಗ ಅಬ್ದುಲ್ಲಾ ಬಿನ್ ಜುಬೈರ್, ‘ಚಿಕ್ಕಮ್ಮ ಇದನ್ನು ನಿಲ್ಲಿಸದಿದ್ದರೆ ನಾನೇ ಅವರ ಕೈ ಕಟ್ಟುತ್ತೇನೆ’ ಎಂದುಬಿಟ್ಟರು. ಮಾತು ಆಯಿಶಾ ಅವರ ಕಿವಿಗೆ ಬಿತ್ತು. ಇನ್ನೆಂದೂ ಅವನ ಜೊತೆ ಮಾತಾಡುವುದಿಲ್ಲ ಎಂದು ಹರಕೆ ಹೊತ್ತರು. ದಿನಗಳು ಉರುಳಿದವು. ಇಬ್ನ್ ಜುಬೈರ್ ಮಧ್ಯಸ್ಥರನ್ನು ಕಳಿಸಿದರು, ಆಗಲಿಲ್ಲ. ಕೊನೆಗೆ ಮಿಸ್ವರ್ ಬಿನ್ ಮಖ್ರಮಾ ಮತ್ತು ಅಬ್ದುರ್ರಹಮಾನ್ ಬಿನ್ ಅಸ್ವದ್ ಎಂಬಿಬ್ಬರು ಇಬ್ನ್ ಜುಬೈರ್ ಅವರನ್ನು ತಮ್ಮ ಚಾದರದೊಳಗೆ ಸೇರಿಸಿಕೊಂಡು ಬಾಗಿಲಿಗೆ ಬಂದರು. ‘ಒಳಗೆ ಬರಬಹುದಾ?’ ‘ಬನ್ನಿ.’ ‘ನಾವೆಲ್ಲರೂ?’ ‘ಹೌದು, ಎಲ್ಲರೂ.’ ಒಳಗೆ ಕಾಲಿಟ್ಟಿದ್ದೇ ಇಬ್ನ್ ಜುಬೈರ್ ಪರದೆ ದಾಟಿ ಹೋಗಿ ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತರು. ಹೊರಗಿದ್ದ ಇಬ್ಬರೂ ಆ ಮೂರು ದಿನದ ಹದೀಸನ್ನೇ ನೆನಪಿಸಿದರು. ಆಯಿಶಾ ಅವರೂ ಅತ್ತರು, ಮಾತಾಡಿದರು. ಹರಕೆ ಮುರಿದದ್ದಕ್ಕೆ ನಲವತ್ತು ಗುಲಾಮರನ್ನು ಬಿಡುಗಡೆ ಮಾಡಿದರು ಎಂದು ಬುಖಾರಿಯಲ್ಲಿದೆ. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಆ ಇಬ್ಬರು ಮಧ್ಯಸ್ಥರು. ಪಂಚಾಯಿತಿ ಸೇರಿಸಲಿಲ್ಲ, ಯಾರು ಸರಿ ಎಂದು ತೂಗಲಿಲ್ಲ. ಬಾಗಿಲು ತೆರೆಸಿದರು, ಅಷ್ಟೇ.

ನಿಮಗೂ ಹಾಗೆ ಮಾಡುವ ಒಬ್ಬರು ಸಿಕ್ಕರೆ ಒಳ್ಳೆಯದು. ಅಮ್ಮಿಯೇ ಆಗಬಹುದು, ಆದರೆ ಅವರ ಮೇಲೆ ಎಲ್ಲ ಭಾರ ಹಾಕಬೇಡಿ. ವಯಸ್ಸಾದವರು, ಮಾತು ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಮಾಮೂ, ಚಾಚಾ, ಅಬ್ಬಾನ ಹಳೇ ಗೆಳೆಯ, ಯಾರಾದರೂ ಸರಿ. ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳುವ ಮನುಷ್ಯ ಮಾತ್ರ ಬೇಡ. ಇಬ್ಬರನ್ನು ಕೂಡಿಸಲು ಒಳ್ಳೆಯ ಮಾತನ್ನೇ ಒಯ್ಯುವವನು ಸುಳ್ಳುಗಾರನಲ್ಲ ಎಂದು ಹದೀಸ್ ಇದೆ. ಅಂಥ ಬಾಯಿ ಹುಡುಕಿ. ಜಮಾತ್ ಮುಂದೆ ಕೂಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ನಾಲ್ಕು ಜನರ ಎದುರು ಕೂತ ತಕ್ಷಣ ಅಣ್ಣ ತಮ್ಮ ಇರುವುದಿಲ್ಲ, ಎರಡು ಪಾರ್ಟಿ ಆಗುತ್ತದೆ. ಅಲ್ಲಿ ಸೋತವನ ಮಕ್ಕಳೂ ಅದನ್ನು ಮರೆಯುವುದಿಲ್ಲ, ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ನೋಡಿದ್ದೇನೆ.

ನನ್ನ ಸಲಹೆ ಹೀಗಿದೆ. ಹಣದಲ್ಲಿ ತಕರಾರು ಇಲ್ಲದ ಭಾಗ ಎಷ್ಟು ಎಂದು ನಿಮಗೆ ಗೊತ್ತು. ಅದನ್ನು ಮೊದಲು ಮುಟ್ಟಿಸಿ, ಯಾವ ಷರತ್ತೂ ಬೇಡ. ‘ಮಾತಾಡಿದರೆ ಕೊಡ್ತೀನಿ’ ಎಂದರೆ ಅದು ವ್ಯಾಪಾರ. ಮೊಬೈಲ್‌ನಲ್ಲಿ ಕಳಿಸಿಬಿಟ್ಟರೆ ‘ದುಡ್ಡು ಎಸೆದ’ ಎಂದು ಅವರು ತಿಳಿಯಬಹುದು. ಕೈಯಲ್ಲೇ ಕೊಡಿ, ಒಬ್ಬ ಸಾಕ್ಷಿ ಇರಲಿ, ಒಂದು ಚೀಟಿ ಇರಲಿ. ಕುರ್‌ಆನ್‌ನ ಅತಿ ಉದ್ದದ ಆಯತ್, ಬಕರಾದ 282ನೆಯದು, ಸಾಲವನ್ನು ಬರೆದಿಡಿ ಎನ್ನುವುದೇ. ಅಣ್ಣ ತಮ್ಮಂದಿರಲ್ಲಿ ಬರಹ ಯಾಕೆ ಎಂದು ಅಬ್ಬಾನ ಕಾಲದಲ್ಲಿ ಬಿಟ್ಟದ್ದರಿಂದ ತಾನೇ ಈ ಮೂರು ವರ್ಷ? ತಕರಾರಿರುವ ಭಾಗಕ್ಕೆ ಇಬ್ಬರೂ ಒಪ್ಪುವ ಒಬ್ಬ ಲೆಕ್ಕ ಬಲ್ಲವರನ್ನು ಕೂರಿಸಿ, ಬೇರೆ ದಿನ. ಮನೆಗೆ ಹೋದ ದಿನ ಭತ್ತದ ಲೆಕ್ಕ ಎತ್ತಲೇಬೇಡಿ. ಅವರು ಎತ್ತಿದರೂ ‘ಅದಕ್ಕೆ ಕೂರೋಣ ಭಾಯಿ, ಇವತ್ತು ಸಲಾಂ ಹೇಳೋಕೆ ಬಂದೆ’ ಎನ್ನಿ. ವಿವರಣೆ ಕೊಡಲು ಹೋದರೆ ಮತ್ತೆ ಹಳೇ ಜಗಳದ ಮೊದಲ ಪುಟಕ್ಕೇ ಹೋಗುತ್ತೀರಿ.

ಅವರು ಮುಖ ತಿರುಗಿಸಿದರೆ? ಆಗಬಹುದು. ಮೂರು ವರ್ಷದ ನೋವು ಒಂದು ಸಲಾಂಗೆ ಕರಗದೆ ಇರಬಹುದು. ಮೂರು ದಿನ ಕಳೆದ ಮೇಲೆ ಒಬ್ಬನು ಹೋಗಿ ಸಲಾಂ ಹೇಳಲಿ, ಇನ್ನೊಬ್ಬನು ಉತ್ತರ ಕೊಟ್ಟರೆ ಪುಣ್ಯದಲ್ಲಿ ಇಬ್ಬರೂ ಪಾಲುದಾರರು, ಕೊಡದಿದ್ದರೆ ಪಾಪ ಅವನದು ಎಂದು ಇನ್ನೊಂದು ಸಂಗ್ರಹವಾದ ಅಬೂ ದಾವೂದ್‌ನಲ್ಲಿ ಹದೀಸ್ ಇದೆ. ನಿಮ್ಮ ಉಮ್ರಾ ನಿಲ್ಲಬೇಕಾಗಿಲ್ಲ. ಆದರೆ ‘ನಾನು ಹೋಗಿದ್ದೆ, ಅವನೇ ಬಾಗಿಲು ಹಾಕಿದ’ ಎಂದು ಊರಿಗೆ ಹೇಳಿಕೊಂಡು ತಿರುಗಿದರೆ ಗಳಿಸಿದ್ದು ಅಲ್ಲೇ ಹೋಯಿತು. ಮತ್ತೆ ಈದ್‌ಗೆ ಹೋಗಿ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಹೋಗಿ. ಹಾಗೆಂದು ಮತ್ತೆ ಒಟ್ಟಿಗೆ ಭಟ್ಟಿ ನಡೆಸಬೇಕು ಎಂದು ಧರ್ಮ ಹೇಳುವುದಿಲ್ಲ. ವ್ಯಾಪಾರ ಬೇರೆಯೇ ಇರಲಿ, ಅದು ಸಂಬಂಧಕ್ಕೂ ಒಳ್ಳೆಯದು.

ನೀವು ಆಡಿದ ನಾಲ್ಕು ಮಾತಿನ ಬಗ್ಗೆ ಚುಟುಕಾಗಿ. ಅದು ನಿಜವಾಗಿದ್ದರೆ ಗೀಬತ್ (ಬೆನ್ನ ಹಿಂದಿನ ಚಾಡಿ), ಸುಳ್ಳಾಗಿದ್ದರೆ ಬುಹ್ತಾನ್ (ಸುಳ್ಳು ಆರೋಪ), ಎರಡೂ ದೊಡ್ಡ ತಪ್ಪೇ. ಅಣ್ಣನಿಗೆ ಅದು ಗೊತ್ತಾಗಿದ್ದರೆ ನೇರವಾಗಿ ಮಾಫಿ ಕೇಳಿ. ಗೊತ್ತಿಲ್ಲದ್ದನ್ನು ಎಳೆಎಳೆಯಾಗಿ ಹೇಳಿ ಹೊಸ ಗಾಯ ಮಾಡಬೇಡಿ. ಇಬ್ನ್ ತೈಮಿಯ್ಯಾ, ಇಬ್ನುಲ್ ಖಯ್ಯಿಮ್ ಮುಂತಾದ ವಿದ್ವಾಂಸರ ಮಾತು ಇಲ್ಲಿ ನನಗೆ ಸರಿ ಕಾಣುತ್ತದೆ. ಅಂಥ ಕಡೆ ಅವರಿಗಾಗಿ ದುಆ (ಪ್ರಾರ್ಥನೆ) ಮಾಡಿ, ಯಾರ ಮುಂದೆ ಕೆಟ್ಟದ್ದು ಹೇಳಿದ್ದಿರೋ ಅವರ ಮುಂದೆಯೇ ಒಳ್ಳೆಯದನ್ನು ಹೇಳಿ. ಈ ಎರಡನೆಯದು ಕಷ್ಟ. ಚಹಾ ಅಂಗಡಿಯಲ್ಲಿ ಕೂತು ‘ಅಣ್ಣನ ಬಗ್ಗೆ ನಾನು ಅವತ್ತು ಹೇಳಿದ್ದು ಸರಿ ಇರಲಿಲ್ಲ’ ಎನ್ನಬೇಕು. ವಾಟ್ಸಾಪ್‌ನ ‘ಕಹಾ ಸುನಾ ಮಾಫ್’ ಇದಕ್ಕೆ ಬದಲಿ ಆಗುವುದಿಲ್ಲ. ಆ ರೂಢಿ ಒಳ್ಳೆಯದೇ, ಹಿಂದೆ ಹಾಜಿಗಳು ಮನೆಮನೆಗೆ ನಡೆದು ಹೋಗಿ ಕೇಳುತ್ತಿದ್ದರು. ಒಂದೇ ಸಂದೇಶವನ್ನು ಮುನ್ನೂರು ಜನಕ್ಕೆ ಒತ್ತಿ ಕಳಿಸಿದರೆ, ನಿಮ್ಮಿಂದ ನೋವಾದ ಮನುಷ್ಯ ಆ ಗುಂಪಿನಲ್ಲಿ ಕಳೆದುಹೋಗುತ್ತಾನೆ.

ಈಗ ಅಕ್ಕ. ಅಬ್ಬಾ ತೀರಿಕೊಂಡಾಗ ಅಮ್ಮಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರು, ಅಬ್ಬಾನ ತಂದೆತಾಯಿ ಆಗಲೇ ಇರಲಿಲ್ಲ ಎಂದಿಟ್ಟುಕೊಂಡು ಲೆಕ್ಕ ಹೇಳುತ್ತೇನೆ. ಕಫನ್‌ದಫನ್ (ಅಂತ್ಯಸಂಸ್ಕಾರದ) ಖರ್ಚು, ಅಬ್ಬಾನ ಸಾಲ, ವಸಿಯತ್ (ಉಯಿಲು) ಇದ್ದರೆ ಅದು, ಇವೆಲ್ಲ ಕಳೆದು ಉಳಿದ ಆಸ್ತಿಯನ್ನು 40 ಭಾಗ ಮಾಡಿ. ಹೆಂಡತಿಗೆ ಎಂಟನೇ ಒಂದು, ಅಂದರೆ ಅಮ್ಮಿಗೆ 5. ಉಳಿದ 35ರಲ್ಲಿ ಅಣ್ಣನಿಗೆ 14, ನಿಮಗೆ 14, ಅಕ್ಕನಿಗೆ 7. ಇದು ಸೂರಾ ನಿಸಾದಲ್ಲಿ ನಿಗದಿಯಾದ ಪಾಲು. ಆಸ್ತಿ ಚಿಕ್ಕದಿರಲಿ ದೊಡ್ಡದಿರಲಿ, ಹೆಂಗಸರಿಗೂ ಪಾಲಿದೆ ಎಂದು ಅದೇ ಸೂರಾದ 7ನೇ ಆಯತ್ ಹೇಳುತ್ತದೆ. ನಿಮ್ಮ ಪತ್ರದಲ್ಲಿ ಭಟ್ಟಿ ಅಣ್ಣ ತಮ್ಮಂದಿರ ನಡುವೆ ಹಂಚಿಹೋಗಿದೆ. ಅಕ್ಕನ 7 ಎಲ್ಲಿ? ಅಮ್ಮಿಯ 5 ಎಲ್ಲಿ? ಅಮ್ಮಿಯ ಬಗ್ಗೆ ಒಂದು ಮಾತೂ ಇಲ್ಲ.

‘ಮಾಫ್ ಮಾಡಿದ್ದಾಳೆ’ ಎನ್ನುತ್ತೀರಿ. ಯಾವಾಗ ಮಾಡಿದಳು? ಚಹಲುಮ್ (ತೀರಿಕೊಂಡ ನಲವತ್ತನೇ) ದಿನ ಮನೆ ತುಂಬ ಜನ ಇದ್ದಾಗಲಾ? ಅವಳ ಮುಂದೆ ಲೆಕ್ಕ ಇಟ್ಟು ‘ಇಷ್ಟು ನಿನ್ನದು’ ಎಂದು ಹೇಳಿದ್ದಿರಾ, ಇಲ್ಲ ಕಾಗದ ಇಟ್ಟು ಸಹಿ ಮಾಡು ಎಂದಿರಾ? ನಮ್ಮ ಹೆಣ್ಣುಮಕ್ಕಳು ಪಾಲು ಕೇಳುವುದಿಲ್ಲ. ಬೇಡ ಎಂದಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಈದ್‌ಗೆ ಕರೆಯುವವರಿಲ್ಲ, ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಬರಲು ಜಾಗ ಇಲ್ಲ ಎನ್ನುವ ಭಯ. ಭಯದಿಂದ ಬಂದ ‘ಮಾಫ್’ ಮಾಫ್ ಅಲ್ಲ. ಮನಸ್ಸಿನ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಸೊತ್ತು ಹಲಾಲ್ ಆಗುವುದಿಲ್ಲ. ಅದಕ್ಕೂ ಮೇಲೆ, ಹನಫಿ ಮುಫ್ತಿಗಳು (ಧರ್ಮಶಾಸ್ತ್ರದ ಅಭಿಪ್ರಾಯ ಹೇಳುವವರು) ಸಾಮಾನ್ಯವಾಗಿ ಹೇಳುವುದು ಇದು: ಮನೆ, ಜಾಗದಂಥ ಆಸ್ತಿಯಲ್ಲಿ ‘ಬಿಟ್ಟೆ’ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಮೊದಲು ಅವಳ ಪಾಲು ಅವಳ ಕೈಗೆ ಬರಬೇಕು. ಆಮೇಲೆ ಇಷ್ಟಪಟ್ಟು ತಮ್ಮನಿಗೆ ಕೊಟ್ಟರೆ ಅದು ಉಡುಗೊರೆ. ಅಥವಾ ಪಾಲಿನ ಬದಲು ಇಷ್ಟು ಹಣ ಸಾಕು ಎಂದು ಒಪ್ಪಿ ತೆಗೆದುಕೊಳ್ಳಬಹುದು. ‘ಮದುವೆಗೆ ಅಷ್ಟು ಖರ್ಚು ಮಾಡಿದೆವಲ್ಲ’ ಎನ್ನುವ ಮಾತೂ ನಡೆಯುವುದಿಲ್ಲ. ಅಬ್ಬಾ ಬದುಕಿದ್ದಾಗ ಕೊಟ್ಟದ್ದು ಅಬ್ಬಾ ಕೊಟ್ಟದ್ದು. ವಿರಾಸತ್ (ವಾರಸು) ಶುರುವಾಗುವುದೇ ಅವರು ತೀರಿಕೊಂಡ ಮೇಲೆ.

ಇದರಲ್ಲಿ ಕಷ್ಟ ಇಲ್ಲ ಎನ್ನುವುದಿಲ್ಲ. ಭಟ್ಟಿ ಮಾರದೆ ಅಷ್ಟು ಹಣ ಹೊಂದಿಸುವುದು ಭಾರ ಆಗಬಹುದು. ಕಂತಿನಲ್ಲಿ ಕೊಡಬಹುದು, ಅವಳು ಒಪ್ಪಿದರೆ ಪಾಲುದಾರಳಾಗಿ ಇಟ್ಟುಕೊಂಡು ಲಾಭದ ಪಾಲು ಕಳಿಸಬಹುದು. ಎರಡನೆಯದರಲ್ಲಿ ಅಪಾಯ ಇದೆ, ಲೆಕ್ಕ ಬರೆಯದಿದ್ದರೆ ಇನ್ನೊಂದು ಜಗಳ ಸಿದ್ಧ. ಅಣ್ಣನೂ ಇದರಲ್ಲಿ ಸೇರಬೇಕು, ಯಾಕೆಂದರೆ ಅಕ್ಕನ ಪಾಲು ನಿಮ್ಮಿಬ್ಬರ ಪಾಲಿನೊಳಗೂ ಬೆರೆತಿದೆ. ನೋಡಿ, ಅಣ್ಣನ ಮನೆಗೆ ಹೋಗಲು ಇನ್ನೊಂದು ಕಾರಣ ಸಿಕ್ಕಿತು. ಜಾಗದ ಪತ್ರ, ವಾರಸುದಾರರ ಪಟ್ಟಿ ತೆಗೆದುಕೊಂಡು ಒಬ್ಬ ಮುಫ್ತಿಯ ಹತ್ತಿರವೂ ಒಬ್ಬ ವಕೀಲರ ಹತ್ತಿರವೂ ಕೂರಿ. ಹಿರಿಯೂರಿಗೆ ಫೋನ್ ಮಾಡಬೇಡಿ, ಹೋಗಿ. ಅಕ್ಕನ ಗಂಡನ ಮುಂದೆ ಅಲ್ಲ, ಅಕ್ಕನ ಮುಂದೆಯೇ ಲೆಕ್ಕ ಇಡಿ.

ಪಕ್ಕದ ಮನೆಯವರ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು, ತುಂಬ ಜನ ಕೇಳುವುದೇ ಇಲ್ಲ. ಹಕ್ಕಿಗೆ ಧರ್ಮ ನೋಡುವುದಿಲ್ಲ. ಹಿಜ್ರತ್ (ಮದೀನಾಕ್ಕೆ ವಲಸೆ) ರಾತ್ರಿ ಪ್ರವಾದಿಯವರು ಮಕ್ಕಾ ಬಿಟ್ಟು ಹೊರಟಾಗ ಸೋದರಸಂಬಂಧಿ ಅಲಿ ಅವರನ್ನು ಹಿಂದೆ ಉಳಿಸಿದರು. ಜನ ಇಟ್ಟಿದ್ದ ಅಮಾನತ್‌ಗಳನ್ನು ವಾಪಸ್ ಮುಟ್ಟಿಸಲು. ಆ ಊರಿನ ಜನ ಅವರನ್ನು ನಂಬಿ ಸೊತ್ತು ಇಟ್ಟಿದ್ದರು, ಅದೇ ಊರು ಅವರನ್ನು ಕೊಲ್ಲಲು ಹೊರಟಿತ್ತು. ಆದರೂ ಅಮಾನತ್ ಅಮಾನತೇ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್ ಅವರ ಮನೆಯಲ್ಲಿ ಕುರಿ ಕಡಿದಾಗ ಅವರು ‘ನಮ್ಮ ಯಹೂದಿ ನೆರೆಯವರಿಗೆ ಕಳಿಸಿದಿರಾ?’ ಎಂದು ಮತ್ತೆ ಕೇಳಿದರು. ನೆರೆಯವರ ಬಗ್ಗೆ ದೇವದೂತ ಜಿಬ್ರೀಲ್ ಎಷ್ಟು ಒತ್ತಿ ಹೇಳಿದರೆಂದರೆ, ಅವರನ್ನು ವಾರಸುದಾರರನ್ನಾಗಿಯೇ ಮಾಡುತ್ತಾರೇನೋ ಎನಿಸಿತು ಎನ್ನುವ ಪ್ರವಾದಿಯವರ ಮಾತನ್ನೂ ಆಗ ನೆನೆದರು. ತನ್ನ ಕಾಟದಿಂದ ನೆರೆಯವನು ನಿಶ್ಚಿಂತೆಯಿಂದ ಇರಲಾರದವನು ಮೋಮಿನ್ (ವಿಶ್ವಾಸಿ) ಅಲ್ಲ ಎಂದು ಪ್ರವಾದಿಯವರು ಮೂರು ಸಲ ಆಣೆ ಮಾಡಿ ಹೇಳಿದ್ದಾರೆ. ಬೂದಿ ಹಾರಿ ಒಣಗಿಸಿದ ಸಂಡಿಗೆ, ಹಪ್ಪಳದ ಮೇಲೆ ಬೀಳುವುದು, ಮಗುವಿಗೆ ಕೆಮ್ಮು ಬರುವುದು ಕಾಟವೇ ಅಲ್ವಾ?

ಇಲ್ಲಿ ಬರೀ ಮಾಫಿ ಸಾಲದು, ಬೂದಿ ನಿಲ್ಲಬೇಕು. ಹೊಗೆ ಕೊಳವೆ ಎತ್ತರಿಸಿ. ಬೂದಿಗೆ ನೀರು ಚಿಮುಕಿಸಿ ಮುಚ್ಚಿಡಿ. ಟೈರ್, ಪ್ಲಾಸ್ಟಿಕ್ ಸುಡುತ್ತಿದ್ದರೆ ಇವತ್ತೇ ಬಿಡಿ, ಅದು ನಿಮ್ಮ ಕೆಲಸದವರ ಎದೆಗೂ ಹೋಗುತ್ತದೆ. ಖರ್ಚು ಇದೆ, ನಿಜ. ಆಮೇಲೆ ಆ ಮನೆಗೆ ಹೋಗಿ ಹಿರಿಯರ ಹತ್ತಿರ ‘ಇಷ್ಟು ದಿನ ತೊಂದರೆ ಕೊಟ್ಟೆವು, ಹೀಗೆ ಸರಿಮಾಡಿದ್ದೇವೆ, ಮತ್ತೆ ಬಂದರೆ ಹೇಳಿ’ ಎನ್ನಿ.

ಹೊರಡುವ ಮೊದಲು ಇದೆಲ್ಲ ಮುಗಿಯದೆ ಇರಬಹುದು, ಅಕ್ಕನ ವಿಷಯವಂತೂ ಒಂದು ತಿಂಗಳಲ್ಲಿ ಮುಗಿಯುವುದಿಲ್ಲ. ಬರೆದಿಡಬೇಕಾದದ್ದು ಇರುವವನು ಎರಡು ರಾತ್ರಿಯನ್ನೂ ವಸಿಯತ್ ಇಲ್ಲದೆ ಕಳೆಯಬಾರದು ಎಂದು ಹದೀಸ್ ಇದೆ. ಅಣ್ಣನಿಗೆ ಇಷ್ಟು, ಅಕ್ಕನಿಗೆ ಇಷ್ಟು, ಅಮ್ಮಿಗೆ ಇಷ್ಟು, ಕೆಲಸದವರ ಕೂಲಿ ಬಾಕಿ ಇಷ್ಟು ಎಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರ ಸಾಕ್ಷಿ ಸಹಿ ಹಾಕಿಸಿ. ಹೆಂಡತಿಯೂ ನಿಮ್ಮ ಜೊತೆಯೇ ಬರುವುದರಿಂದ ಒಂದು ಪ್ರತಿಯನ್ನು ಮನೆಯಲ್ಲಿ ಉಳಿಯುವ ದೊಡ್ಡವರ ಹತ್ತಿರ ಕೊಡಿ. ಇನ್ನೊಂದನ್ನು ಅಣ್ಣನ ಮನೆಗೆ ಹೋದಾಗ ಅವರ ಕೈಗೇ ಕೊಡಿ.